ತಿಳಿಯಿಂದ ಗಾಢಕ್ಕೆ: ಹವ್ಯಾಸಿ ಮಾರ್ಕರ್ ಚಿತ್ರಕಾರರ ಬಳಕೆ ಕೈಪಿಡಿ

ಬಳಸುವ ಮುನ್ನ

ಅಭಿನಂದನೆಗಳು. ನೀವು ಒಂದು ಡಬ್ಬಿ ಮಾರ್ಕರ್ ಕೊಂಡಿದ್ದೀರಿ. ಯಾಕೆ ಕೊಂಡಿರಿ ಎಂದು ಮನೆಯಲ್ಲಿ ಇನ್ನೂ ಯಾರೂ ಕೇಳಿಲ್ಲವೆಂದರೆ ಅವರ ಕೈಗೆ ಬಿಲ್ಲು ಸಿಕ್ಕಿಲ್ಲ ಎಂದು ತಿಳಿಯಿರಿ. ಸಿಗುವಷ್ಟರಲ್ಲಿ ಈ ಕೈಪಿಡಿಯನ್ನು ಓದಿ ಮುಗಿಸುವುದು ಕ್ಷೇಮ.

ಇದು ವಾರವೆಲ್ಲ ಕಚೇರಿಯಲ್ಲಿ ಲೆಕ್ಕಪತ್ರ ನೋಡಿ ಭಾನುವಾರ ಬೆಳಿಗ್ಗೆ ಲಾಲ್‌ಬಾಗಿನ ಹುಲ್ಲಿನ ಮೇಲೆ ಕೂರುವವರಿಗಾಗಿ ಬರೆದದ್ದು. ಕೇಳಿದವರಿಗೆಲ್ಲ ಚಿತ್ರ ಬರೆದುಕೊಟ್ಟು, ‘ಅಯ್ಯೋ, ದುಡ್ಡೆಲ್ಲ ಯಾಕೆ ಬಿಡಿ’ ಎಂದು ಹೇಳಿ, ರಾತ್ರಿ ಮಲಗಿದ ಮೇಲೆ ಕಾಗದದ ಬೆಲೆ ನೆನೆಸಿಕೊಳ್ಳುವವರಿಗಾಗಿ. ಕಲಾಶಾಲೆಯಲ್ಲಿ ಐದು ವರ್ಷ ಕಲಿತವರಿಗೆ ಇದು ಬೇಡ. ಅವರಿಗೆ ಎಣ್ಣೆಬಣ್ಣವಿದೆ, ಕ್ಯಾನ್‌ವಾಸಿದೆ, ನಮ್ಮ ಬಗ್ಗೆ ಕನಿಕರವೂ ಇದೆ.

ನಾನು ಈ ಉಪಕರಣವನ್ನು ಎಂಟು ವರ್ಷದಿಂದ ಬಳಸುತ್ತಿದ್ದೇನೆ. ಚಿತ್ರ ಬರೆಯಲು ಕಲಿತಿದ್ದೇನೆ ಅಂತಲ್ಲ, ಎಲ್ಲೆಲ್ಲಿ ಕೆಡುತ್ತದೆ ಎಂದು ಕಲಿತಿದ್ದೇನೆ. ಕೈಪಿಡಿ ಬರೆಯುವುದಕ್ಕೆ ಅಷ್ಟು ಸಾಕು.

ಡಬ್ಬಿಯಲ್ಲಿ ಏನೇನಿದೆ

ಎರಡು ತಲೆಯ ಪೆನ್ನುಗಳು. ಒಂದು ತುದಿಯಲ್ಲಿ ಬಡಗಿಯ ಉಳಿಯ ಹಾಗೆ ಓರೆಯಾಗಿ ಕತ್ತರಿಸಿದ ಮೂತಿ, ಇನ್ನೊಂದು ತುದಿಯಲ್ಲಿ ಕುಂಚದ ಹಾಗೆ ಬಾಗುವ ಮೂತಿ. ಉಳಿಮೂತಿ ಆಕಾಶಕ್ಕೆ, ಕಾಂಪೌಂಡ್ ಗೋಡೆಗೆ, ಡಾಂಬರು ರಸ್ತೆಗೆ. ಕುಂಚದ ಮೂತಿ ಮಿಕ್ಕಿದ್ದಕ್ಕೆಲ್ಲ. ಸ್ವಲ್ಪ ದಿನಕ್ಕೆ ಕುಂಚದ ಮೂತಿ ಸವೆದು ಹಳೆಯ ಹಲ್ಲುಜ್ಜುವ ಬ್ರಶ್ಶಿನಂತಾಗುತ್ತದೆ. ಎಸೆಯಬೇಡಿ, ಮರದ ಎಲೆ ಬರೆಯಲು ಅದಕ್ಕಿಂತ ಒಳ್ಳೆಯದು ಹುಟ್ಟಿಲ್ಲ.

ಇದನ್ನು ನೋಡಿದವರೆಲ್ಲ ‘ಓ, ಸ್ಕೆಚ್ ಪೆನ್ನು!’ ಅನ್ನುತ್ತಾರೆ. ತಿದ್ದಲು ಹೋಗಬೇಡಿ. ತಿದ್ದಿದರೆ ‘ಹಾಗಾದರೆ ಎಷ್ಟು ಕೊಟ್ಟಿರಿ?’ ಎಂಬ ಪ್ರಶ್ನೆ ಬರುತ್ತದೆ. ವ್ಯತ್ಯಾಸ ನಿಮ್ಮ ಮನಸ್ಸಿನಲ್ಲಿದ್ದರೆ ಸಾಕು: ನಾವು ಶಾಲೆಯಲ್ಲಿ ಭೂಪಟಕ್ಕೆ ಬಣ್ಣ ಹಚ್ಚಿದ ಹನ್ನೆರಡರ ಪ್ಯಾಕೆಟ್ಟಿನಲ್ಲಿದ್ದದ್ದು ನೀರಿನ ಶಾಯಿ. ಎರಡು ಸಲ ಉಜ್ಜಿದರೆ ಕಾಗದ ಸಿಪ್ಪೆ ಏಳುತ್ತಿತ್ತು, ಅರಬ್ಬೀ ಸಮುದ್ರದಲ್ಲಿ ಗೆರೆಗೆರೆ ಬೀಳುತ್ತಿತ್ತು. ಮಾರ್ಕರಿನ ಶಾಯಿ ಮದ್ಯಸಾರದ್ದು, ಅಂದರೆ ಸ್ಪಿರಿಟ್ಟಿನಲ್ಲಿ ಕರಗಿಸಿದ ಬಣ್ಣ. ಹಸಿಯಾಗಿರುವಾಗ ಒಂದು ಗೆರೆಯ ಪಕ್ಕ ಇನ್ನೊಂದನ್ನು ಎಳೆದರೆ ಎರಡೂ ಕೂಡಿ ಸಮನಾಗುತ್ತವೆ. ನೀವು ಕೊಟ್ಟ ದುಡ್ಡೆಲ್ಲ ಈ ಕೂಡುವ ಗುಣಕ್ಕೆ.

ಡಬ್ಬಿ ದೊಡ್ಡದಾದಷ್ಟೂ ಒಳ್ಳೆಯದು ಎಂದು ಅಂಗಡಿಯವರು ಹೇಳುತ್ತಾರೆ. ಜಪಾನಿನ ಕೊಪಿಕ್ ಎಂಬ ಮಾರ್ಕರು 1987ರಲ್ಲಿ ಮಾರುಕಟ್ಟೆಗೆ ಬಂತು. ಜೆರಾಕ್ಸ್ ಪ್ರತಿಯ ಮೇಲೆ ಬಳಿದರೂ ಕಪ್ಪು ಗೆರೆ ಕದಡುವುದಿಲ್ಲವೆಂಬುದೇ ಅದರ ಹೆಚ್ಚುಗಾರಿಕೆ, ‘ಕಾಪಿ’ಯಿಂದಲೇ ಹೆಸರೂ ಬಂತು. ಅದರಲ್ಲಿ 358 ಬಣ್ಣಗಳಿವೆ. ಒಂದು ಪೆನ್ನಿನ ಬೆಲೆಗೆ ಮನೆಮಂದಿಯೆಲ್ಲ ಗಾಂಧಿ ಬಜಾರಿಗೆ ಹೋಗಿ ಮಸಾಲೆದೋಸೆ ತಿಂದು ಕಾಫಿ ಕುಡಿದು ಬರಬಹುದು. 358 ಸಲ ಹೋಗಿಬರುವ ಆರೋಗ್ಯ ಯಾರಿಗೂ ಇರುವುದಿಲ್ಲ. 24 ಸಾಕು. ಅದರಲ್ಲೂ ನೀವು ಬಳಸುವುದು ಒಂಬತ್ತು.

ಪೆನ್ನಿನ ಮುಚ್ಚಳದ ಬಣ್ಣವನ್ನು ನಂಬಬೇಡಿ. ಡಬ್ಬಿ ಮನೆಗೆ ಬಂದ ದಿನವೇ, ನೀವು ಬರೆಯಲಿರುವ ಕಾಗದದ ಮೇಲೇ, ಪ್ರತಿ ಪೆನ್ನಿನದೂ ಒಂದೊಂದು ಚೌಕ ಬಳಿದು ಪಕ್ಕದಲ್ಲಿ ನಂಬರು ಬರೆದಿಟ್ಟುಕೊಳ್ಳಿ. ಈ ಕೈಪಿಡಿಯಲ್ಲಿ ನಾನು ನಗದೆ ಹೇಳುತ್ತಿರುವ ಮಾತುಗಳಲ್ಲಿ ಇದು ಮೊದಲನೆಯದು.

ಎಚ್ಚರಿಕೆ

ಫ್ಯಾನು ಆರಿಸಿ. ಸ್ಪಿರಿಟ್ಟು ಗಾಳಿಗೆ ಹಾರಿಹೋಗುವ ವಸ್ತು. ತಲೆಯ ಮೇಲೆ ಫ್ಯಾನು ಐದರಲ್ಲಿ ತಿರುಗುತ್ತಿದ್ದರೆ ಎರಡನೇ ಗೆರೆ ಎಳೆಯುವಷ್ಟರಲ್ಲಿ ಮೊದಲನೆಯದು ಒಣಗಿ, ಎರಡರ ನಡುವೆ ಕಪ್ಪನೆ ಗಡಿರೇಖೆ ಎದ್ದು ಕೂರುತ್ತದೆ. ಆಮೇಲೆ ಆ ಎರಡು ಗೆರೆ ಈ ಜನ್ಮದಲ್ಲಿ ಕೂಡುವುದಿಲ್ಲ.

ವಾಸನೆ ಇದ್ದೇ ಇರುತ್ತದೆ. ಇಂಜೆಕ್ಷನ್ ಚುಚ್ಚುವ ಮೊದಲು ತೋಳಿಗೆ ಒರೆಸುತ್ತಾರಲ್ಲ, ಆ ಹತ್ತಿಯ ವಾಸನೆ. ನಾನು ಮೊದಲ ಸಲ ಡಬ್ಬಿ ತೆರೆದ ದಿನ ಅಮ್ಮ ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತು, ‘ಯಾರಿಗೋ ಹುಷಾರಿಲ್ಲ?’ ಎಂದು ಕೇಳಿದರು. ಕಿಟಕಿ ತೆಗೆದಿಡಿ. ಕಿಟಕಿ ತೆಗೆದರೆ ಗಾಳಿ ಬರುತ್ತದೆ, ಗಾಳಿ ಬಂದರೆ ಶಾಯಿ ಒಣಗುತ್ತದೆ. ಇದಕ್ಕೆ ಪರಿಹಾರ ಈ ಆವೃತ್ತಿಯಲ್ಲಿಲ್ಲ.

ಕಾಗದದ ಅಡಿಯಲ್ಲಿ ಏನಿದೆ ಎಂದು ನೋಡಿಕೊಳ್ಳಿ. ಮಾರ್ಕರು ಕಾಗದವನ್ನು ಭೇದಿಸಿಕೊಂಡು ಕೆಳಗಿಳಿಯುತ್ತದೆ. ನನ್ನ ಕಾಗದದ ಅಡಿಯಲ್ಲಿ ಒಮ್ಮೆ ತಂಗಿಯ ಮಗನ ಲಗ್ನಪತ್ರಿಕೆ ಇತ್ತು. ಮುಹೂರ್ತ ಎಷ್ಟು ಹೊತ್ತಿಗೆ ಎಂದು ಇವತ್ತು ನೋಡಿದರೆ ಅಲ್ಲಿರುವುದು ಒಂದು ಮಿಂಚುಳ್ಳಿಯ ಹೊಟ್ಟೆ. ಕಲೆ ಗ್ರಾನೈಟ್ ಕಟ್ಟೆಗೋ ಫಾರ್ಮೈಕಾ ಮೇಜಿಗೋ ತಗುಲಿದ್ದರೆ, 2020ರಲ್ಲಿ ಹೆದರಿ ಕೊಂಡು ಇನ್ನೂ ಉಳಿದಿರುವ ಸ್ಯಾನಿಟೈಸರ್ ಹಾಕಿ ಒರೆಸಿ. ಅದೂ ಸ್ಪಿರಿಟ್ಟೇ, ಬಣ್ಣ ಕರಗಿ ಬರುತ್ತದೆ. ಪಂಚೆಗೆ ತಗುಲಿದ್ದರೆ, ಇನ್ನು ಮೇಲೆ ಅದು ಚಿತ್ರ ಬರೆಯುವ ಪಂಚೆ.

ಕಾಗದ

ನುಣುಪಾಗಿರಲಿ, ದಪ್ಪಗಿರಲಿ. ಅವೆನ್ಯೂ ರಸ್ತೆಯಲ್ಲಿ ದಸ್ತಿನ ಲೆಕ್ಕದಲ್ಲಿ ಕೊಂಡು ತಂದ ಮಾಮೂಲಿ ಕಾಗದ ಬಣ್ಣವನ್ನು ಬಾಯಾರಿದ ಎಮ್ಮೆಯ ಹಾಗೆ ಕುಡಿಯುತ್ತದೆ. ಮಾರ್ಕರಿಗೆಂದೇ ಮಾಡಿದ, ಹಿಂದೆ ಸೋರದ ಕಾಗದವೂ ಸಿಗುತ್ತದೆ. ಮೊದಲ ಹತ್ತು ಹಾಳೆ ಅದನ್ನು ಮುಟ್ಟಲು ಭಯವಾಗಿ ಬೀರುವಿನಲ್ಲೇ ಇಡುತ್ತೀರಿ. ಇಡಿ.

ಚಾಲನೆ

ಮೊದಲು ಪೆನ್ಸಿಲ್. ಆಮೇಲೆ ನೀರಿಗೂ ಸ್ಪಿರಿಟ್ಟಿಗೂ ಜಗ್ಗದ ಕಪ್ಪು ಲೈನರಿನಲ್ಲಿ ಗೆರೆ. ಗೆರೆ ಪೂರಾ ಒಣಗಲಿ. ಈ ಹೊತ್ತಿನಲ್ಲಿ ಕಾಫಿ ಕುಡಿಯಿರಿ. ಕುಡಿಯದೆ ಅವಸರ ಮಾಡಿದವರ ಚಿತ್ರಗಳಲ್ಲಿ ದೇವಿಯ ಮೂಗಿನ ಕೆಳಗೆ ಮೀಸೆ ಮೂಡಿದ ನಿದರ್ಶನಗಳಿವೆ.

ಇನ್ನು ಬಣ್ಣ. ಈ ಯಂತ್ರಕ್ಕೆ ಒಂದೇ ಒಂದು ನಿಯಮ, ಅದು ತಲೆಗೆ ಹೋದರೆ ಮಿಕ್ಕಿದ್ದೆಲ್ಲ ತಾನಾಗಿ ಬರುತ್ತದೆ: ಮಾರ್ಕರಿಗೆ ರಿವರ್ಸ್ ಗೇರ್ ಇಲ್ಲ. ತಿಳಿ ಬಣ್ಣದ ಮೇಲೆ ಗಾಢ ಬಣ್ಣ ಕೂರುತ್ತದೆ, ಗಾಢದ ಮೇಲೆ ತಿಳಿ ಕೂರುವುದಿಲ್ಲ. ಅದೇ ಬಣ್ಣವನ್ನು ಅದರ ಮೇಲೇ ಇನ್ನೊಮ್ಮೆ ಎಳೆದರೂ ಒಂದು ಛಾಯೆ ಕಪ್ಪಾಗುತ್ತದೆ. ಎಣ್ಣೆಬಣ್ಣದವರು ತಪ್ಪಿದರೆ ಮೇಲೊಂದು ಪದರ ಬಿಳಿ ಬಳಿದು ಏನೂ ಆಗದವರ ಹಾಗೆ ಕೂರುತ್ತಾರೆ. ನಮ್ಮ ಬಿಳಿ ಎಂದರೆ ಕಾಗದ. ಬೆಳಕು ಎಲ್ಲಿ ಬೇಕೋ ಅಲ್ಲಿ ಮೊದಲೇ ಯೋಚಿಸಿ ಬಿಟ್ಟಿರಬೇಕು. ಡಬ್ಬಿಯಲ್ಲಿ ಬಣ್ಣವೇ ಇಲ್ಲದ ಒಂದು ಪೆನ್ನೂ ಇರುತ್ತದೆ, ಬ್ಲೆಂಡರ್ ಎಂದು. ರಬ್ಬರಿನ ಹಾಗೆ ಅಳಿಸುತ್ತದೆ ಎಂದುಕೊಂಡು ಹೊಸಬರು ಅದಕ್ಕೆ ಜೋತುಬೀಳುತ್ತಾರೆ. ಅದು ಅಳಿಸುವುದಿಲ್ಲ, ಬಣ್ಣವನ್ನು ಪಕ್ಕಕ್ಕೆ ತಳ್ಳುತ್ತದೆ. ಕೆಲವು ಕಚೇರಿಗಳಲ್ಲಿ ಕಡತ ವಿಲೇವಾರಿ ಮಾಡುವ ಕ್ರಮವೂ ಇದೇ.

ಕುಂಕುಮ ಕೊನೆಗೆ. ಇದನ್ನು ಕೆಂಪು ಅಕ್ಷರದಲ್ಲಿ ಬರೆದು ಮೇಜಿನ ಮುಂದೆ ಅಂಟಿಸಿಕೊಳ್ಳಿ. ಹಣೆ ಇನ್ನೂ ಹಸಿಯಾಗಿರುವಾಗ ಕೆಂಪಿನ ಚುಕ್ಕೆ ಇಟ್ಟರೆ ಅದು ನಾಲ್ಕೂ ಕಡೆ ಹರಿದು, ಲಕ್ಷ್ಮೀದೇವಿ ಎಲ್ಲೋ ಜಾರಿಬಿದ್ದು ಬಂದವಳ ಹಾಗೆ ಕಾಣುತ್ತಾಳೆ. ಜರಿಗೆ ಚಿನ್ನದ ಮಾರ್ಕರ್ ಹುಡುಕಿಕೊಂಡು ಹೋಗಬೇಡಿ. ಅರಿಶಿನದ ಹಳದಿ, ಅದರ ಪಕ್ಕ ಬೆಲ್ಲದ ಕಂದು, ನಡುನಡುವೆ ಖಾಲಿ ಕಾಗದ. ದೂರದಿಂದ ನೋಡಿದರೆ ಮೈಸೂರು ರೇಷ್ಮೆಯೇ. ಹತ್ತಿರ ಬಂದು ನೋಡುವವರನ್ನು ಮಾತಿಗೆಳೆಯಿರಿ.

ಮೈಬಣ್ಣ

ಈ ಅಧ್ಯಾಯ ಕಂಪನಿಯ ಕೈಪಿಡಿಗಳಲ್ಲಿ ಇರುವುದಿಲ್ಲ, ಆದ್ದರಿಂದ ಇಲ್ಲಿ ಸ್ವಲ್ಪ ಉದ್ದವಾಗಿದೆ.

ಅಗ್ಗದ ಡಬ್ಬಿಗಳಲ್ಲಿ ‘ಸ್ಕಿನ್’ ಎಂಬ ಹೆಸರಿನ ಪೆನ್ನೊಂದು ಇರುತ್ತದೆ. ಬಣ್ಣ ಹಣ್ಣಾದ ಸೀಬೆಯ ತಿರುಳಿನದು. ಬೆಂಗಳೂರಿನಲ್ಲಿ ಆ ಬಣ್ಣದ ಚರ್ಮವನ್ನು ನಾನು ನೋಡಿದ್ದು ಕೈ ಸುಟ್ಟುಕೊಂಡು ಬೊಬ್ಬೆ ಎದ್ದವರಲ್ಲಿ ಮಾತ್ರ. ಅಮೆರಿಕದ ಕ್ರಯೋಲ ಕಂಪನಿಯವರು ತಮ್ಮ ಮೇಣದ ಬಳಪವೊಂದಕ್ಕೆ ‘ಫ್ಲೆಶ್’ ಎಂದು ಹೆಸರಿಟ್ಟಿದ್ದರು. ಎಲ್ಲರ ಮೈಯೂ ಆ ಬಣ್ಣದ್ದಲ್ಲ ಎಂದು ಹೊಳೆದು 1962ರಲ್ಲಿ ಅದನ್ನು ‘ಪೀಚ್’ ಮಾಡಿದರು. ಆ 1962 ವಿಚಿತ್ರ ವರ್ಷ. ಟೋಕಿಯೊದಲ್ಲಿ ಯುಕಿಯೊ ಹೊರಿಯೆ ಎಂಬಾತ ನಾರಿನ ಮೂತಿಯ ಪೆನ್ನು ಮಾಡಿದ್ದೂ ಅದೇ ವರ್ಷ, ನಮ್ಮ ಮೈಸೂರಿನ ಕಾರ್ಖಾನೆಯ ಶಾಯಿ ಮಹಾಚುನಾವಣೆಯಲ್ಲಿ ದೇಶದ ಬೆರಳುಗಳಿಗೆ ಮೊದಲು ತಗುಲಿದ್ದೂ ಅದೇ ವರ್ಷ. ಮೈಸೂರಿನ ಶಾಯಿಯ ವಿಷಯ ವಾರಂಟಿಯ ಭಾಗದಲ್ಲಿ ಮತ್ತೆ ಬರುತ್ತದೆ.

ಒಳ್ಳೆಯ ಡಬ್ಬಿಯಲ್ಲಿ ಹೀಗಿರುವುದಿಲ್ಲ. ಕೊಪಿಕ್‌ನವರ ಸಂಕೇತದಲ್ಲಿ ‘ಬಿ’ ನೀಲಿಯ ಮನೆತನ, ‘ವೈಜಿ’ ಹಳದಿಹಸಿರಿನದು, ‘ಇ’ ಎಂದರೆ ‘ಅರ್ಥ್’, ಮಣ್ಣು. ನಮ್ಮ ಮೈಬಣ್ಣಗಳೆಲ್ಲ ಹೆಚ್ಚುಕಡಿಮೆ ಈ ಮಣ್ಣಿನ ಮನೆತನದಲ್ಲೇ ಸಿಗುತ್ತವೆ: ಬೆಲ್ಲ, ರಾಗಿ, ಹುರಿದ ಕಡಲೆಬೀಜದ ಸಿಪ್ಪೆ, ಡಿಕಾಕ್ಷನ್. ಸಂಕೇತದ ಕೊನೆಯ ಅಂಕಿ ಏರಿದಷ್ಟೂ ಬಣ್ಣ ಗಾಢ. ನಿಮ್ಮ ಎದುರಿಗಿರುವವರ ಅಂಕಿ ಎಷ್ಟೆಂದು ನಿಮಗೆ ಕಾಣುತ್ತದೆ. ಅವರಿಗೆ ಹೇಳಬಾರದು.

ಎದುರು ಮನೆ ಅಂಕಲ್‌ಗೆ ಅರವತ್ತು ತುಂಬಿ ಶಾಂತಿ ಮಾಡಿಸಿದಾಗ ನಾನು ದಂಪತಿಗಳ ಚಿತ್ರ ಬರೆದುಕೊಟ್ಟೆ. ಅಂಕಲ್ ಪಂಚೆ ಶಲ್ಯದಲ್ಲಿ, ಆಂಟಿ ರಾಣಿ ಬಣ್ಣದ ರೇಷ್ಮೆ ಸೀರೆಯಲ್ಲಿ. ಇಬ್ಬರಿಗೂ ಬೆಲ್ಲದ ಬಣ್ಣ, ಕೆನ್ನೆಯ ಕೆಳಗೆ ಅದರದೇ ಇನ್ನೊಂದು ಕೈ, ಕತ್ತಿನ ನೆರಳಿಗೆ ಡಿಕಾಕ್ಷನ್. ನನ್ನ ಜೀವಮಾನದಲ್ಲಿ ಅಷ್ಟು ಚೆನ್ನಾಗಿ ಹೋಲಿಕೆ ಬಂದದ್ದು ಅದೊಂದೇ ಸಲ. ಆಂಟಿ ಚಿತ್ರವನ್ನು ಹತ್ತಿರ ಹಿಡಿದರು, ದೂರ ಹಿಡಿದರು, ಕನ್ನಡಕ ಹಾಕಿದರು, ತೆಗೆದರು.

‘ತುಂಬಾ ಚೆನ್ನಾಗಿದೆ ಕಣಪ್ಪಾ. ಮುಖ ಒಂಚೂರು ಬೆಳ್ಳಗೆ ಮಾಡಕ್ಕಾಗತ್ತಾ?’

ನಾನು ರಿವರ್ಸ್ ಗೇರಿನ ವಿಷಯ ಹೇಳಿದೆ. ಕಾಗದ, ಪದರ, ತಿಳಿ, ಗಾಢ ಎಲ್ಲ ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡು, ‘ಸ್ಟುಡಿಯೋದವ್ರು ಮಾಡ್ತಿದ್ರಲ್ಲಪ್ಪ’ ಅಂದರು. ನಿಜ. ಕಪ್ಪುಬಿಳುಪು ಕಾಲದಲ್ಲಿ ಫೋಟೋ ಸ್ಟುಡಿಯೋದವರು ನೆಗೆಟಿವ್ ಮೇಲೆ ಸೀಸದ ಕಡ್ಡಿಯಿಂದ ತಿದ್ದಿ ಒಂದು ಇಡೀ ತಲೆಮಾರಿನ ವಧುಗಳನ್ನು ಬೆಳ್ಳಗೆ ಮಾಡಿದ್ದರು. ನೆಗೆಟಿವ್‌ನಲ್ಲಿ ಕಪ್ಪು ಬಳಿದಷ್ಟೂ ಫೋಟೋದಲ್ಲಿ ಬಿಳಿ. ಅಂಥ ಸೌಲಭ್ಯ ಈ ಉಪಕರಣದಲ್ಲಿಲ್ಲ. ‘ಹೋಗ್ಲಿ ಬಿಡು, ನಾನಿರೋದೇ ಹೀಗಲ್ವಾ’ ಎಂದು ಆಂಟಿ ನನ್ನನ್ನೇ ಸಮಾಧಾನ ಮಾಡಿ, ಒಂದು ಡಬ್ಬಿ ಚಕ್ಕುಲಿ ಕೊಟ್ಟು ಕಳಿಸಿದರು.

ಗುಂಪಿನಲ್ಲಿ ಬಳಸುವ ವಿಧಾನ

ಗೇಬ್ರಿಯಲ್ ಕಂಪನಾರಿಯೊ ಎಂಬ ಪತ್ರಿಕೆಯ ಚಿತ್ರಕಾರ 2007ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಕೂತು ಶುರುಮಾಡಿದ ‘ಅರ್ಬನ್ ಸ್ಕೆಚರ್ಸ್’ ಎಂಬ ಬಳಗ ಈಗ ಊರೂರಲ್ಲಿದೆ. ನಿಯಮ ಸರಳ: ಫೋಟೋ ನೋಡಿ ಬರೆಯಬೇಡಿ, ಜಾಗಕ್ಕೆ ಹೋಗಿ, ಕೂತು, ಕಂಡದ್ದನ್ನು ಬರೆಯಿರಿ. ನಮ್ಮ ಭಾನುವಾರದ ಗುಂಪಿಗೆ ಹೆಸರೂ ಇಲ್ಲ, ಅಧ್ಯಕ್ಷರೂ ಇಲ್ಲ, ಇದೊಂದು ನಿಯಮ ಮಾತ್ರ ಎರವಲು.

ಲಾಲ್‌ಬಾಗಿಗೆ ಏಳು ಗಂಟೆಗೆ ಬನ್ನಿ. ಮೊದಲ ದಿನವೇ ಗಾಜಿನ ಮನೆಗೆ ಕೈಹಾಕಬೇಡಿ. 1889ರಲ್ಲಿ ಅಡಿಗಲ್ಲು ಹಾಕಿ ಕಟ್ಟಿದ ಕಬ್ಬಿಣದ ಆ ಕಮಾನುಗಳನ್ನು ಎಣಿಸುತ್ತ ಕೂತರೆ ನೀವು ಮುಗಿಸುವಷ್ಟರಲ್ಲಿ ಮುಂದಿನ ಫಲಪುಷ್ಪ ಪ್ರದರ್ಶನ ಬಂದಿರುತ್ತದೆ. ಬಂಡೆ ಬರೆಯಿರಿ. ಮುನ್ನೂರು ಕೋಟಿ ವರ್ಷದ ಬಂಡೆ, ಅಲುಗಾಡುವುದಿಲ್ಲ, ‘ನಾನು ಹೀಗಿದ್ದೀನಾ?’ ಎಂದು ಕೇಳುವುದಿಲ್ಲ, ಮೂರು ಬೂದು ಪೆನ್ನಿನಲ್ಲಿ ಮುಗಿಯುತ್ತದೆ. ಬಂಡೆಯ ಮೇಲೆ ಕೂತ ಜೋಡಿಗಳನ್ನು ಬೆನ್ನಿನಿಂದ ಮಾತ್ರ ಬರೆಯುವುದು ನಮ್ಮ ಗುಂಪಿನ ಸಂಪ್ರದಾಯ.

ವಾಕಿಂಗ್ ಬಂದವರು ಹಿಂದೆ ನಿಲ್ಲುತ್ತಾರೆ. ಒಬ್ಬರು ಉಸಿರಾಡುವುದು ಕೇಳಿಸುತ್ತದೆ. ಸ್ವಲ್ಪ ಹೊತ್ತಾದ ಮೇಲೆ ‘ನಮ್ಮ ಅಣ್ಣನ ಮಗಳೂ ಬರೀತಾಳೆ’ ಎಂಬ ಮಾತು ಬರುತ್ತದೆ, ಅದರ ಹಿಂದೆಯೇ ಆ ಹುಡುಗಿಗೆ ಎಷ್ಟು ಬಹುಮಾನ ಬಂದಿದೆ ಎಂಬ ಲೆಕ್ಕ. ತಲೆಯಾಡಿಸಿ. ಮಕ್ಕಳು ಬಂದರೆ ಮಾತ್ರ ಪೆನ್ನು ಕೆಳಗಿಟ್ಟು ಪುಸ್ತಕ ತಿರುಗಿಸಿ ತೋರಿಸಿ. ನನ್ನ ಕಬ್ಬನ್ ಪಾರ್ಕಿನ ನಾಯಿಯನ್ನು ನೋಡಿ, ಅದರ ನಾಲ್ಕನೇ ಕಾಲು ಎಲ್ಲಿ ಎಂದು ಕೇಳಿದ್ದು ಆರು ವರ್ಷದ ಹುಡುಗನೊಬ್ಬನೇ. ದೊಡ್ಡವರು ಇಪ್ಪತ್ತು ಜನ ಚೆನ್ನಾಗಿದೆ ಎಂದಿದ್ದರು.

ಪೆನ್ನಿನ ಕೈಸಾಲ. ಕೊಡಲೇಬೇಕಾಗುತ್ತದೆ, ಒಂದೇ ಹುಲ್ಲಿನ ಮೇಲೆ ಕೂತಿದ್ದೀರಿ. ತಿಳಿ ಹಳದಿಯನ್ನು ಮಾತ್ರ ಕೊಡಬೇಡಿ. ಪಡೆದವರು ಅದನ್ನು ಇನ್ನೂ ಒಣಗದ ಕಪ್ಪಿನ ಮೇಲೆ ಎಳೆದು, ಮೂತಿಗೆ ಮಸಿ ಮೆತ್ತಿಸಿ, ಮುಚ್ಚಳ ‘ಟಕ್’ ಅನ್ನಿಸದೆ ಹಾಗೇ ಸಿಕ್ಕಿಸಿ ವಾಪಸು ಕೊಡುತ್ತಾರೆ. ಆ ‘ಟಕ್’ ಶಬ್ದ ಕೇಳದೆ ಪೆನ್ನು ತೆಗೆದುಕೊಳ್ಳಬಾರದು. ಸರಿಯಾಗಿ ಮುಚ್ಚದ ಮಾರ್ಕರು ನಾಲ್ಕು ದಿನಕ್ಕೆ ಬರೀ ಪ್ಲಾಸ್ಟಿಕ್. ಎರಡು ತಲೆಯ ಪೆನ್ನನ್ನು ನಿಲ್ಲಿಸಿಡದೆ ಮಲಗಿಸಿಡಿ, ಶಾಯಿ ಎರಡೂ ಕಡೆಗೆ ಇಳಿಯಲಿ.

ಒಂಬತ್ತೂವರೆಗೆ ಎಲ್ಲರೂ ತಮ್ಮ ಪುಸ್ತಕ ತೆರೆದು ಹುಲ್ಲಿನ ಮೇಲೆ ಸಾಲಾಗಿ ಇಡುತ್ತಾರೆ. ಸುತ್ತ ನಿಂತು ನೋಡುವುದು. ಹದಿನೈದು ಜನ, ಒಂದೇ ಬಂಡೆ, ಹದಿನೈದು ಬಂಡೆಗಳು. ಒಬ್ಬಾಕೆ, ಔಷಧಿ ಅಂಗಡಿಯವರು, ಯಾವಾಗಲೂ ಬಂಡೆಯನ್ನು ನೇರಳೆ ಮಾಡುತ್ತಾರೆ. ಮೊದಲ ವಾರ ನಾನು ಮನಸ್ಸಿನಲ್ಲೇ ನಕ್ಕಿದ್ದೆ. ಈಗ ಬೆಳಿಗ್ಗೆ ಬಂಡೆಯ ನೆರಳಿನ ಕಡೆ ನೋಡಿದರೆ ನನಗೂ ನೇರಳೆ ಕಾಣುತ್ತದೆ, ಎಷ್ಟು ಪ್ರಯತ್ನಿಸಿದರೂ ಬೂದು ಕಾಣುವುದಿಲ್ಲ. ಹೊಸಬರು ಇದ್ದರೆ ಅವರ ಪುಸ್ತಕ ಬದಿಯಲ್ಲಿರುತ್ತದೆ, ಪಕ್ಕದ ಪುಟದ ಮೇಲೆ ಅಂಗೈ ಇಟ್ಟುಕೊಂಡಿರುತ್ತಾರೆ. ಆ ಪುಟ ತೋರಿಸಿ ಎಂದು ಕೇಳುವುದು ಹಳಬರ ಕರ್ತವ್ಯ.

ಹಂಚುವ ವಿಧಾನ

ಗೃಹಪ್ರವೇಶ, ನಾಮಕರಣ, ಬೀಳ್ಕೊಡುಗೆ ಈ ಮೂರಕ್ಕೂ ಗಣಪತಿ ಒಗ್ಗುತ್ತಾನೆ. ಗಣಪತಿಯಲ್ಲಿ ಯಾರೂ ಹೋಲಿಕೆ ಹುಡುಕುವುದಿಲ್ಲ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಎಂಬ ಗಾದೆ ಮಣ್ಣಿನಲ್ಲಿ ಮಾಡುವವರಿಗೆ. ಕಾಗದದ ಮೇಲೆ ಅವರಪ್ಪ ಬಂದುಬಿಟ್ಟರೂ ಒಂದು ಸೊಂಡಿಲು ಎಳೆದರೆ ಸರಿಹೋಗುತ್ತದೆ.

ಮಾರಬೇಕು ಅನ್ನಿಸಿದರೆ ಚಿತ್ರಸಂತೆಯಿದೆ. ಚಿತ್ರಕಲಾ ಪರಿಷತ್ತಿನವರು ಸಾಮಾನ್ಯವಾಗಿ ಜನವರಿಯ ಮೊದಲ ಭಾನುವಾರ ನಡೆಸುವ ಜಾತ್ರೆ. ಕುಮಾರಕೃಪಾ ರಸ್ತೆಯಲ್ಲಿ ಅವತ್ತು ವಾಹನವಿಲ್ಲ, ಫುಟ್‌ಪಾತಿನುದ್ದಕ್ಕೂ ಚಿತ್ರ. ನಾನು ಒಂದು ವರ್ಷ ಗೆಳೆಯರೊಬ್ಬರ ಮಳಿಗೆಯ ಮೂಲೆಯಲ್ಲಿ ಹನ್ನೊಂದು ಚಿತ್ರ ತೂಗುಹಾಕಿಕೊಂಡು ಕೂತಿದ್ದೆ. ‘ಪ್ರಿಂಟಾ?’ ಎಂದು ಎಷ್ಟೋ ಜನ ಕೇಳಿದರು. ‘ಇಲ್ಲ, ಕೈಯಲ್ಲಿ ಬರೆದದ್ದು’ ಎಂದರೆ ಮುಟ್ಟಿ ನೋಡಿದರು. ‘ಏನಲ್ಲಿ?’ ಎಂದರು. ‘ಮಾರ್ಕರ್‌ನಲ್ಲಿ’ ಎಂದಾಗ, ‘ಓ, ಸ್ಕೆಚ್ ಪೆನ್ನು’ ಎಂದು ಮುಂದೆ ಹೋದರು. ಸಂಜೆ ಹೊತ್ತಿಗೆ ಒಂದು ಮಾರಾಟವಾಯಿತು. ಕೊಂಡವರು ನನ್ನ ಭಾವ.

ದೋಷ ನಿವಾರಣೆ

ಬಣ್ಣ ಗೆರೆಯಿಂದ ಹೊರಗೆ ಹೋಗಿದೆ: ಗೆರೆಯನ್ನು ದಪ್ಪ ಮಾಡಿ. ಕಣ್ಣು ಒಂದು ಮೇಲೆ ಒಂದು ಕೆಳಗೆ ಬಂದಿದೆ: ಕನ್ನಡಕ ಹಾಕಿಸಿ. ಕೈಬೆರಳು ಆರಾಗಿದೆ: ಹೂವಿನ ಬುಟ್ಟಿ ಕೊಡಿ. ಇಡೀ ಚಿತ್ರ ಕೆಟ್ಟಿದೆ: ರಾತ್ರಿ ಮಾಡಿಬಿಡಿ, ಕಡು ನೀಲಿ ಯಾವ ತಪ್ಪನ್ನೂ ನುಂಗುತ್ತದೆ, ಬಿಳಿ ಜೆಲ್ ಪೆನ್ನಿನಲ್ಲಿ ನಾಲ್ಕು ನಕ್ಷತ್ರ ಇಟ್ಟರೆ ಆಯಿತು. ನನ್ನ ಚಿತ್ರಗಳಲ್ಲಿ ಬೆಂಗಳೂರಿನಲ್ಲಿ ಇಷ್ಟೊಂದು ಹೊತ್ತು ರಾತ್ರಿ ಯಾಕೆ ಎಂದು ಯಾರೂ ಕೇಳಿಲ್ಲ. ಅಕ್ಟೋಬರಿನಲ್ಲಿ ದಿನಕ್ಕೊಂದರಂತೆ 31 ಚಿತ್ರ ಬರೆಯುವ ‘ಇಂಕ್‌ಟೋಬರ್’ ವ್ರತವನ್ನು ಜೇಕ್ ಪಾರ್ಕರ್ ಎಂಬ ಅಮೆರಿಕದ ಚಿತ್ರಕಾರ 2009ರಲ್ಲಿ ಆರಂಭಿಸಿದ. ನಮ್ಮಲ್ಲಿ ಅದೇ ತಿಂಗಳಿಗೆ ದಸರಾ ಬಂದರೆ ವ್ರತ ಒಂಬತ್ತನೇ ದಿನಕ್ಕೆ ಮುರಿಯುತ್ತದೆ. ಇದನ್ನು ದೋಷವೆಂದು ಪರಿಗಣಿಸತಕ್ಕದ್ದಲ್ಲ.

ವಾರಂಟಿ

ಇಲ್ಲ. ಮಾರ್ಕರಿನ ಬಣ್ಣ ಬೆಳಕಿಗೆ ಬಾಳುವುದಿಲ್ಲ. ಕಲ್ಲಿನ ಪುಡಿ, ಮಣ್ಣಿನ ಪುಡಿಯಂಥ ವರ್ಣದ್ರವ್ಯ ಅದರಲ್ಲಿಲ್ಲ. ಇರುವುದು ಬಟ್ಟೆಗೆ ಹಾಕುವಂಥ ಕರಗುವ ಬಣ್ಣ, ಬಿಸಿಲು ಅದರ ಅಣುಗಳನ್ನು ಒಂದೊಂದಾಗಿ ಮುರಿಯುತ್ತದೆ. ಮೈಸೂರಿನ ಮತದಾನದ ಶಾಯಿ ಇದಕ್ಕೆ ತದ್ವಿರುದ್ಧ. 1937ರಲ್ಲಿ ನಾಲ್ವಡಿಯವರು ಸ್ಥಾಪಿಸಿದ ಕಾರ್ಖಾನೆಯ ಆ ಶಾಯಿಯಲ್ಲಿ ಬೆಳ್ಳಿಯ ನೈಟ್ರೇಟ್ ಇದೆ, ಬೆಳಕು ತಗುಲಿದಷ್ಟೂ ಕಪ್ಪಾಗುತ್ತದೆ, ಸೋಪಿಗೂ ಜಗ್ಗುವುದಿಲ್ಲ. ನಮ್ಮದು ಬೆಳಕು ತಗುಲಿದಷ್ಟೂ ಬಿಳಿಚುತ್ತದೆ. ಆದ್ದರಿಂದ ಮೂಲಚಿತ್ರವನ್ನು ಪುಸ್ತಕದೊಳಗೆ ಮುಚ್ಚಿಟ್ಟುಕೊಂಡು, ಸ್ಕ್ಯಾನ್ ಮಾಡಿಸಿ ಪ್ರತಿಯನ್ನು ಹಂಚಿ. ಮೂಲವನ್ನೇ ಕೊಡುವುದಾದರೆ ಕಿಟಕಿಯ ಎದುರು ತೂಗುಹಾಕಬೇಡಿ ಎಂದು ಹೇಳಿ ಕೊಡಿ.

ನಾನು ಹೇಳಿರಲಿಲ್ಲ. ಎದುರು ಮನೆಯವರು ಅರವತ್ತರ ಶಾಂತಿಯ ಚಿತ್ರಕ್ಕೆ ಕಟ್ಟು ಹಾಕಿಸಿ ಹಾಲಿನಲ್ಲಿ, ಪಡುವಣ ಕಿಟಕಿಗೆ ಸರಿಯಾಗಿ ಎದುರು ಗೋಡೆಗೆ, ಮೊಳೆ ಹೊಡೆದು ನೇತುಹಾಕಿದ್ದರು. ಮೂರು ಬೇಸಿಗೆಯ ಸಂಜೆಬಿಸಿಲು ಅದರ ಮೇಲೆ ಬಿತ್ತು. ಹೋದ ತಿಂಗಳು ಆಂಟಿ ಚಿತ್ರವನ್ನು ಕಟ್ಟು ಸಮೇತ ಸೆರಗಿನಲ್ಲಿ ಮುಚ್ಚಿಕೊಂಡು ನಮ್ಮ ಮನೆಗೆ ಬಂದರು. ನೋಡಿದೆ. ಕಪ್ಪು ಗೆರೆ ಕೂದಲೆಳೆಯಷ್ಟೂ ಅಲುಗಿಲ್ಲ. ಬೆಲ್ಲ ಹೋಗಿ ಹಾಲಾಗಿದೆ. ಕತ್ತಿನ ಡಿಕಾಕ್ಷನ್ ತೆಳ್ಳನೆಯ ಕಾಫಿ. ಎಲ್ಲಕ್ಕಿಂತ ಮೊದಲು ಹಾರುವುದು ಗುಲಾಬಿ ಜಾತಿಯ ಬಣ್ಣಗಳು, ಅವು ಪೂರ್ತಿ ಹಾರಿದ್ದವು.

ತಪ್ಪಾಯಿತು ಆಂಟಿ ಎನ್ನಲು ನಾನು ಬಾಯಿ ತೆರೆದೆ.

‘ಮುಖ ಈಗ ಸರಿಯಾಗಿ ಬಂದಿದೆ ನೋಡು’ ಅಂದರು. ‘ನಮ್ಮ ತಂಗಿ ಬಂದಿದ್ಲು, ಮದುವೆ ಹೊತ್ತಲ್ಲಿ ನೀನು ಹೀಗೇ ಇದ್ದೆ ಅಂದ್ಲು. ಅದನ್ನ ಮುಟ್ಟಕ್ಕೆ ಹೋಗ್ಬೇಡ.’ ಆಮೇಲೆ ಹಾಲಿನಲ್ಲಿ ಅಂಕಲ್ ಇಲ್ಲವೆಂದು ಗೊತ್ತಿದ್ದೂ ದನಿ ತಗ್ಗಿಸಿದರು. ‘ಸೀರೆ ನೋಡಪ್ಪಾ ಆದರೆ. ನಮ್ಮ ಯಜಮಾನ್ರು ಗುಂಡುಕಲ್ಲಿನ ಹಾಗೆ ಓಡಾಡ್ಕೊಂಡಿದ್ದಾರೆ, ನೀನು ನನಗೆ ಬಿಳಿ ಸೀರೆ ಉಡಿಸಿ ಗೋಡೆಗೆ ಹಾಕಿದ್ದೀಯಲ್ಲ. ಅದಕ್ಕೊಂದು ಮಾತ್ರ ಬಣ್ಣ ಹಾಕ್ಕೊಡು. ರಾಣಿ ಕಲರೇ ಇರಲಿ.’

ಡಬ್ಬಿ ತೆಗೆದು ನೋಡಿದೆ. ರಾಣಿ ಬಣ್ಣದ ಪೆನ್ನು ಇರಲಿಲ್ಲ. ಯಾರಿಗೋ ಕೈಸಾಲ ಕೊಟ್ಟಿದ್ದೆ.